ಸಾಹುಕಾರ್ರ ಅರ್ಧ ಎಕರೆ ವೈನ್ ಸೀಮೆ

ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕಪತ್ರ ನೋಡುವ ರೈಟರ್. ನಮ್ಮಲ್ಲಿ ನಗುವುದಕ್ಕೇನೂ ಇಲ್ಲದ ಹಾಗಾದಾಗೆಲ್ಲ ಸಾಹುಕಾರ್ರು ಎಲ್ಲಿಗಾದರೂ ಪ್ರವಾಸ ಹೋಗಿ ಬರುತ್ತಾರೆ. ನಾಸಿಕದ ದ್ರಾಕ್ಷಿ ತೋಟ ನೋಡಿ ಬಂದವರು ಅರ್ಧ ಎಕರೆ ಕಾಫಿ ಕೀಳಿಸಿ ವೈನ್ ದ್ರಾಕ್ಷಿ ನೆಡಿಸಿದರು. ಅವರ ಹೆಂಡತಿ ಅಮ್ಮಾವ್ರು ಒಂದೇ ಮಾತು ಹೇಳಿದರು: "ಮೊದಲ್ನೇ ಫಸಲಿಗೆ ಒಂದು ಬಾಟ್ಲಿ ವೈನ್ ಆಗ್ಲಿಲ್ಲ ಅಂದ್ರೆ ಅಲ್ಲಿ ಮತ್ತೆ ಕಾಫಿ ನೆಡ್ಸ್ತೀನಿ."

೧. ಇತಿಹಾಸ

ವೈನ್ ಸೀಮೆ ಅಂದಮೇಲೆ ಇತಿಹಾಸ ಬೇಕಂತೆ. ಗುಂಡಿ ತೋಡುವಾಗ ಒಂದು ಹಳೇ ಬಾಟ್ಲಿ ಸಿಕ್ಕಿತು. ಸಾಹುಕಾರ್ರು ಅದನ್ನು ತೊಳೆಸಿ ಬಂಗಲೆಯ ಗಾಜಿನ ಬೀರುವಿನಲ್ಲಿಟ್ಟು, ಬ್ರಿಟಿಷ್ ದೊರೆ ಇಲ್ಲೇ ವೈನ್ ಮಾಡುತ್ತಿದ್ದ ಎಂದು ಹೋಂಸ್ಟೇ ಅತಿಥಿಗಳಿಗೆ ಹೇಳತೊಡಗಿದರು.

ಜೀಪ್ ರಿಪೇರಿಗೆ ಬಂದ ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ, "ಇದು ಕೆಮ್ಮಿನ ಔಷಧಿ ಬಾಟ್ಲಿ ಅಲ್ವಾ? ನಮ್ಮಜ್ಜಿ ಹತ್ರಾನೂ ಇತ್ತು" ಅಂದ.

ಸಾಹುಕಾರ್ರು ಬಾಟ್ಲಿಯನ್ನು ವಾಪಸ್ ಬೀರುವಿನಲ್ಲಿಟ್ಟರು. "ಹಂಗಾದ್ರೆ ದೊರೆಗೆ ಕೆಮ್ಮೂ ಇತ್ತು."

೨. ಹವೆ

ದ್ರಾಕ್ಷಿಗೆ ಒಣಹವೆ ಬೇಕು. ನಮ್ಮಲ್ಲಿ ಜೂನ್‌ನಲ್ಲಿ ಹರವಿದ ಪಂಚೆ ಗೌರಿ ಹಬ್ಬದ ಹೊತ್ತಿಗೆ ಒಣಗಿದರೆ ಪುಣ್ಯ. ಸಾಹುಕಾರ್ರು ಮಳೆಯಲ್ಲಿ ಆಳುಗಳು ತಲೆಯಿಂದ ಇಳಿಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆಯನ್ನು ಬಳ್ಳಿಗೊಂದರಂತೆ ಹೊಸದಾಗಿ ತರಿಸಿ ಹೊದಿಸಿದರು. ಮಾರನೇ ಬೆಳಿಗ್ಗೆ ನೋಡಿದರೆ ಬಳ್ಳಿಗಳೆಲ್ಲ ಬರಿಮೈ, ಕೊಪ್ಪೆಗಳೆಲ್ಲ ಹೆಣ್ಣಾಳುಗಳ ತಲೆಯ ಮೇಲೆ.

"ಏನಮ್ಮಾ ಇದು?" ಅಂದೆ.

"ಬಳ್ಳಿ ಎಲ್ಲಿಗೂ ಹೋಗಲ್ಲ ರೈಟ್ರೇ. ನಾವು ಕೆಲ್ಸಕ್ಕೆ ಬರ್ಬೇಕಲ್ಲ," ಅಂದಳು ಅವರಲ್ಲಿ ಹಿರಿಯಳು.

ಸಾಹುಕಾರ್ರು ಮತ್ತೆ ಅಷ್ಟೇ ಕೊಪ್ಪೆ ತರಿಸಿದರು.

೩. ಫಸಲು

ಇಷ್ಟಾದರೂ ಬೇಸಿಗೆಯಲ್ಲಿ ಬುಟ್ಟಿ ತುಂಬುವಷ್ಟು ಹಣ್ಣು ಬಂತು. ನಗುತ್ತಿದ್ದ ನನಗೂ ಖುಷಿಯಾಯಿತು. ವೈನ್ ಮಾಡಿಕೊಡುವ ತಜ್ಞರನ್ನು ಕರೆತರಲು ಸಾಹುಕಾರ್ರೂ ನಾನೂ ಮೂಡಿಗೆರೆಗೆ ಹೊರಟೆವು. "ಬರೋದ್ರೊಳಗೆ ಹಣ್ಣು ಕೊಯ್ಸಿ ರೆಡಿ ಮಾಡು. ನೀಟಾಗಿರ್ಬೇಕು," ಎಂದು ಆಳುಗಳ ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಕಾಫಿ ಕೆಲಸದಲ್ಲಿ ಎತ್ತಿದ ಕೈ.

ಬಂದು ನೋಡಿದರೆ ಅವನು ಕಾಫಿ ಒಣಗಿಸುವ ಕಣದಲ್ಲಿ ಎದೆಯುಬ್ಬಿಸಿ ನಿಂತಿದ್ದ. ಮುಂದೆ ಗೋಣಿಚೀಲದ ಮೇಲೆ ಒಂದು ಹಿಡಿ ಬೀಜ.

"ಹಣ್ಣೆಲ್ಲೋ?"

"ಪಲ್ಪರ್ ಮಿಶನ್‌ಗೆ ಹಾಕ್ಸಿದೆ ಸಾಹುಕಾರ್ರೇ. ಸಿಪ್ಪೆ, ರಸ ಎಲ್ಲ ಗುಂಡಿಗೆ ಬಿಟ್ಟು, ಕಾಫಿ ತರಾನೇ ಬೀಜ ತೊಳ್ಸಿದೀನಿ. ಒಂಚೂರು ಅಂಟಿಲ್ಲ, ಮುಟ್ಟಿ ನೋಡಿ."

ತಜ್ಞರು ಜೀಪಿನಿಂದ ಇಳಿಯಲೇ ಇಲ್ಲ. ಸಾಹುಕಾರ್ರು ಕಣದ ಕಟ್ಟೆಯ ಮೇಲೆ ಕುಸಿದು ಕೂತರು. ಪಾಪ ಅನ್ನಿಸಿತು. ಮೇಸ್ತ್ರಿಯೇ ಸಮಾಧಾನ ಹೇಳಿದ: "ಬೇಜಾರ್ ಮಾಡ್ಕೋಬೇಡಿ. ಒಣಗ್ಲಿ, ಹುರ್ದು ಪುಡಿ ಮಾಡುವ."

ಅಮ್ಮಾವ್ರು ಬೀಜ ನೋಡಿ, "ರೈಟ್ರೇ, ನರ್ಸರಿಯವ್ರಿಗೆ ಕಾಫಿ ಗಿಡ ಹೇಳಿ" ಎಂದು ಒಳಗೆ ಹೋದರು.

ಈಗ ಆ ಅರ್ಧ ಎಕರೆಯಲ್ಲಿ ಕಾಫಿ ಇದೆ. ಸಾಹುಕಾರ್ರು ದ್ರಾಕ್ಷಿ ಬೀಜವನ್ನು ದೊರೆಯ ಬಾಟ್ಲಿಗೆ ತುಂಬಿ ಬೀರುವಿನಲ್ಲಿಟ್ಟಿದ್ದಾರೆ. ಅತಿಥಿಗಳು ಏನಿದು ಎಂದರೆ ಗಂಭೀರವಾಗಿ ಹೇಳುತ್ತಾರೆ: "ದೊರೆ ಕೆಮ್ಮಿಗೆ ತಗೊಳ್ತಿದ್ದ ಮಾತ್ರೆ."