ಮಂಜನ ಬಲಭುಜ ಮತ್ತು ನನ್ನ ಮಹಾತಂತ್ರ

ಕ್ರಿಕೆಟ್ ಟೀಮಿಗೆ ಹನ್ನೊಂದು ಜನ ಆಟಗಾರರು ಹೇಗೋ ಸಿಕ್ಕಿಬಿಡುತ್ತಾರೆ. ಸಿಗದೆ ಇರುವುದು ತಲೆ ಇರುವವನೊಬ್ಬ. ಆ ಕೊರತೆಯನ್ನು ನೀಗಿಸುವ ಸಲುವಾಗಿಯೇ ನಾನು ನಮ್ಮೂರ ಟೀಮಿಗೆ ಮ್ಯಾನೇಜರ್ ಆದೆ. ಯಾರೂ ಆರಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಬಾಲು ತರುವುದು, ನೀರಿನ ಕ್ಯಾನು ಹೊರುವುದು, ಸೋತಾಗ ಅಂಪೈರನ್ನು ಬೈಯುವುದು ನನ್ನ ಅಧಿಕೃತ ಜವಾಬ್ದಾರಿಗಳು.

ಈ ಸಲ ನಮ್ಮ ಟೀಮು ತುರುವೇಕೆರೆಯ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಅದಕ್ಕೆ ನನ್ನ ಮಾರ್ಗದರ್ಶನವೇ ಕಾರಣ ಎಂದು ನಾನು ಹೇಳುತ್ತಿದ್ದೆ. ಮಂಜನ ಬಲಭುಜ ಕಾರಣ ಎಂದು ಊರವರೆಲ್ಲ ಹೇಳುತ್ತಿದ್ದರು. ಮಂಜ ತೆಂಗಿನಕಾಯಿ ಸುಲಿಯುವವನು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಒಂದು ತಿರುವು ಕೊಟ್ಟನೆಂದರೆ ಮಟ್ಟೆ ಬೇರೆ, ಕಾಯಿ ಬೇರೆ. ದಿನವಿಡೀ ಇದೇ ಕೆಲಸ ಮಾಡಿದ ತೋಳಿಗೆ ಬಾಲು ಕೊಟ್ಟರೆ ಏನಾಗುತ್ತದೆ? ಬ್ಯಾಟು ಹಿಡಿದವನಿಗೆ ಬಾಲು ಕಾಣುವುದಿಲ್ಲ, ಸ್ಟಂಪು ಬಿದ್ದ ಸದ್ದು ಮಾತ್ರ ಕೇಳುತ್ತದೆ.

ಸೆಮಿಫೈನಲ್ಲಿನಲ್ಲಿ ನಮ್ಮ ಎದುರಾಳಿ ಮಾಯಸಂದ್ರ. ಅದು ನನ್ನ ಹೆಂಡತಿ ಸುಜಾತಳ ತವರು. ಅಲ್ಲಿನ ಕ್ಯಾಪ್ಟನ್ ಅವಳ ತಮ್ಮ ಲೋಕೇಶ. ಅವರ ಮನೆಯ ಷೋಕೇಸಿನಲ್ಲಿ ಕಪ್ಪುಗಳು ಸಾಲಾಗಿ ನಿಂತಿವೆ. ಹಬ್ಬಕ್ಕೆ ಹೋದಾಗಲೆಲ್ಲ ನನ್ನ ಎಲೆಯನ್ನು ಸರಿಯಾಗಿ ಅವುಗಳ ಎದುರಿಗೇ ಹಾಕುತ್ತಾರೆ. ನಾನು ಹೋಳಿಗೆ ಮುರಿಯುವ ಹೊತ್ತಿಗೆ ಮಾವನವರು, "ನಿಮ್ಮೂರಲ್ಲೂ ಹುಡುಗ್ರು ಆಡ್ತಾರಂತಲ್ಲಪ್ಪಾ?" ಎಂದು ವಿಚಾರಿಸುತ್ತಾರೆ. ಆ ಹೋಳಿಗೆ ಗಂಟಲಲ್ಲಿ ಇಳಿಯಬೇಕಲ್ಲ! ಮದುವೆಯಾದಾಗಿನಿಂದ ನೆಟ್ಟಗೆ ಇಳಿದಿಲ್ಲ. ಒಂದೇ ಒಂದು ಸಲ ಅವರನ್ನು ಸೋಲಿಸಿ ಆಮೇಲೆ ಆ ಮನೆಗೆ ಊಟಕ್ಕೆ ಹೋಗಬೇಕು. ಬದುಕಿನಲ್ಲಿ ನಾನು ಬೇಡಿದ್ದು ಇಷ್ಟೇ.

ಮಂಜ ಇದ್ದ, ಗೆಲ್ಲುವುದು ಖಚಿತವಾಗಿತ್ತು. ಆದರೆ ಮ್ಯಾನೇಜರ್ ಎನ್ನುವವನು ಏನೂ ಮಾಡದೆ ಗೆದ್ದರೆ ಅವನಿಗೆ ಬರುವ ಹೆಸರಾದರೂ ಏನು? ಹೀಗಾಗಿ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಮಂಜನನ್ನು ತೋಟದ ಮೂಲೆಗೆ ಕರೆದೊಯ್ದೆ.

"ಮಂಜ, ನಿನ್ ಭುಜ ಉಳುಕೈತೆ."

ಅವನು ಗಾಬರಿಯಿಂದ ಭುಜ ತಿರುಗಿಸಿ ನೋಡಿಕೊಂಡ. "ಇಲ್ವಲ್ಲಣ್ಣ, ಚೆನ್ನಾಗೇ ಐತೆ."

"ನಿಜವಾಗ್ಲೂ ಅಲ್ಲ ಕಣ್ಲಾ. ಉಳುಕೈತೆ ಅಂತ ಮಾಯಸಂದ್ರದೋರು ನಂಬ್ಬೇಕು. ಆಗ ಮೈಮರೀತಾರೆ, ಪ್ರಾಕ್ಟೀಸ್ ಬಿಡ್ತಾರೆ. ಭಾನುವಾರ ನೀನು ದಿಢೀರ್ ಅಂತ ಇಳಿದು ಬಾಲ್ ಹಾಕು!"

"ಬಾಲ್ ಹೆಂಗೂ ಹಾಕ್ತೀನಲ್ಲಣ್ಣ. ಮಧ್ಯದಾಗೆ ಇದ್ಯಾಕೆ?"

ಉತ್ತರ ಇಲ್ಲದಾಗ ದನಿ ಏರಿಸಬೇಕು ಎಂಬುದು ನನಗೆ ಗೊತ್ತಿತ್ತು. "ತಂತ್ರ ಕಣ್ಲಾ, ತಂತ್ರ!" ಎಂದು ಗದರಿ, ಟವೆಲ್ಲಿನಲ್ಲಿ ಅವನ ಕೈಯನ್ನು ಕುತ್ತಿಗೆಗೆ ಕಟ್ಟಿ ಕಳಿಸಿದೆ.

ಸುಜಾತಳಿಗೆ ನಿಜ ಹೇಳಲಿಲ್ಲ. ದಿನಾ ಸಂಜೆ ತಮ್ಮನಿಗೆ ಫೋನು ಮಾಡುವವಳು ಅವಳು. ಸುಳ್ಳು ಸುದ್ದಿ ಅವಳ ಫೋನಿನಲ್ಲೇ ಮಾಯಸಂದ್ರ ಸೇರಲಿ ಎಂಬುದು ನನ್ನ ಲೆಕ್ಕಾಚಾರ. ಸಂಜೆ ಫೋನಾಯಿತು. ಹಸು ಕರು ಹಾಕಿದ್ದು, ಮಿಕ್ಸಿ ಕೆಟ್ಟಿದ್ದು, ಪಕ್ಕದ ಮನೆಯ ಸೊಸೆ ಮುನಿಸಿಕೊಂಡಿದ್ದು ಎಲ್ಲ ಬಂತು. ಮಂಜನ ಭುಜ ಬರಲೇ ಇಲ್ಲ!

"ಮಂಜನ ವಿಷ್ಯ ಲೋಕೇಶಂಗೆ ಹೇಳ್ಲಿಲ್ವೇನೇ?" ಎಂದೆ, ಆದಷ್ಟು ಉದಾಸೀನವಾಗಿ.

"ಯಾಕ್ ಹೇಳ್ಲಿ? ನಮ್ ಟೀಮಿನ ಗುಟ್ಟು ಅವ್ರಿಗ್ಯಾಕ್ರೀ? ಮದ್ವೆ ಆಗಿ ಬಂದ್ಮೇಲೆ ನಂಗೆ ಇದೇ ಊರು. ಈ ಸಲ ನೀವು ಗೆಲ್ಬೇಕು. ಆ ಷೋಕೇಸ್ ಮುಂದೆ ನೀವು ತಲೆ ಬಗ್ಗಿಸ್ಕೊಂಡು ಉಣ್ಣೋದು ನಂಗೆ ಕಾಣಲ್ವಾ?"

ನನ್ನ ಕಣ್ಣು ತುಂಬಿ ಬಂತು. ಸತ್ಯ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ. ಬದಲಿಗೆ ಮರುದಿನ ಬೆಳಿಗ್ಗೆ, ನಮ್ಮ ಕಾಯಿ ತುಂಬಿಕೊಂಡು ಹೋಗಲು ಬಂದಿದ್ದ ಮಾಯಸಂದ್ರದ ಟೆಂಪೋ ಡ್ರೈವರನ್ನು ಪಕ್ಕಕ್ಕೆ ಕರೆದು ಮಂಜನ ಭುಜ ಉಳುಕಿದ ಸುದ್ದಿ ಉಸುರಿದೆ. ಕೊನೆಯಲ್ಲಿ, "ಯಾರಿಗೂ ಹೇಳ್ಬ್ಯಾಡಿ" ಎಂದೆ. ಹಾಗೆಂದರೆ ಸುದ್ದಿ ಟೆಂಪೋಗಿಂತ ಮೊದಲೇ ಊರು ಮುಟ್ಟುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ.

ಅತ್ತ ಮಂಜನ ನಟನೆ ಕಷ್ಟಕ್ಕಿಟ್ಟುಕೊಂಡಿತ್ತು. ಅವನು ಟೀ ಅಂಗಡಿಗೆ ಎಡಗೈ ಕಟ್ಟಿಕೊಂಡು ಬಂದುಬಿಟ್ಟ!

"ನೆನ್ನೆ ಬಲಗೈ ಅಲ್ವೇನ್ಲಾ?" ಎಂದ ಅಂಗಡಿಯವನು.

ಮಂಜ ನನ್ನ ಮುಖ ನೋಡಿದ. ನಾನು ತಕ್ಷಣ ಎದ್ದು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ಬಲಗೈಯೇ! ಬಲಭುಜವೇ ಉಳುಕಿರೋದು! ಪಾಪ, ನೋವಲ್ಲಿ ಅವನಿಗೆ ಎಡ ಬಲ ತಿಳೀತಾ ಇಲ್ಲ" ಎಂದು ಘೋಷಿಸಿ ಟವೆಲ್ಲನ್ನು ನಾನೇ ಬದಲಾಯಿಸಿದೆ. ಬಲಭುಜ ಎಂಬುದು ಊರಿಗೆಲ್ಲ ಖಾತ್ರಿಯಾಯಿತು. ಸುಜಾತಳಿಗೂ ಆಯಿತು.

ಇಲ್ಲಿ ಒಂದು ಸಂಗತಿ ಹೇಳಬೇಕು. ನನ್ನ ಹೆಂಡತಿ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ಮೂರು ಸಲ ಒದ್ದರೆ ಎಂಥ ಉಳುಕಾದರೂ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಒದೆಯುವುದು ಎಂದರೆ ಮೆಲ್ಲಗೆ ಕಾಲು ತಾಗಿಸುವುದು, ಅಷ್ಟೇ. ಸೊಂಟ ಹಿಡಿದವರು, ಬೆನ್ನು ಹಿಡಿದವರು ಹಂದನಕೆರೆಯಿಂದಲೂ ಬಸ್ಸು ಹತ್ತಿ ಬಂದು ಅವಳ ಕಾಲಿಗೆ ಬೆನ್ನು ಕೊಟ್ಟು ಹೋಗುತ್ತಾರೆ. ತಂತ್ರ ಹೂಡುವಾಗ ನಾನು ಎಲ್ಲವನ್ನೂ ಯೋಚಿಸಿದ್ದೆ. ಮನೆಯಲ್ಲೇ ಇದ್ದ ಆ ಕಾಲನ್ನು ಮರೆತಿದ್ದೆ!

ಶನಿವಾರ ನಾನು ಮನೆಗೆ ಬರುವಷ್ಟರಲ್ಲಿ ಮಂಜ ನಮ್ಮ ನಡುಮನೆಯ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದ. ಸುಜಾತ ಸೆರಗು ಸಿಕ್ಕಿಸಿ ನಿಂತಿದ್ದಳು.

"ನಾಳೆ ಪಂದ್ಯ ಇಟ್ಕೊಂಡು ಈ ಹುಡುಗನ್ನ ಹಿಂಗೇ ಬಿಟ್ಟಿದ್ದೀರಲ್ರೀ! ನಾನೇ ಕರೆಸ್ದೆ."

"ಬ್ಯಾಡ ಕಣೇ, ಅದೇ ಹೋಗುತ್ತೆ ಬುಡು."

"ಯಾಕ್ ಬ್ಯಾಡ? ಊರೋರ್ಗೆಲ್ಲ ತೆಗೀತೀನಿ, ನಮ್ ಟೀಮಿನೋನಿಗೆ ತೆಗೀಬಾರ್ದಾ?"

ಉತ್ತರ ಕೊಡಬೇಕಾದರೆ ನಿಜ ಹೇಳಬೇಕಾಗಿತ್ತು. ಮೆಲ್ಲಗೆ ಕಾಲು ತಾಗಿಸಿದರೆ ಏನು ಮಹಾ ಆಗುತ್ತದೆ ಎಂದು ಪಕ್ಕಕ್ಕೆ ಸರಿದು ನಿಂತೆ. ಮಂಜನಿಗೆ ಮಾತ್ರ, ಅವಳಿಗೆ ಕಾಣದಂತೆ, ಸ್ವಲ್ಪ ನೋವಿನ ನಟನೆ ಮಾಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಆ ಸನ್ನೆಯೇ ನಮ್ಮ ಟೀಮನ್ನು ಮುಳುಗಿಸಿತು.

ಅವಳ ಪಾದ ಭುಜಕ್ಕೆ ಸೋಕಿತೋ ಇಲ್ಲವೋ, ಮಂಜ "ಅಯ್ಯಯ್ಯಪ್ಪೋ!" ಎಂದು ಹಂಚು ಹಾರುವಂತೆ ಕಿರುಚಿದ.

ಸುಜಾತ ಬೆಚ್ಚಿದಳು. "ಅಯ್ಯೋ ಶಿವನೇ, ಒಳಗೇ ಕೂತ್ಬಿಟ್ಟೈತೆ ಕಣ್ರೀ!" ಎಂದವಳು ಎರಡನೆಯದನ್ನು ಒಂಚೂರು ಬಿಗಿಯಾಗಿಯೇ ಕೊಟ್ಟಳು. ಮಂಜ ಇನ್ನೂ ಜೋರಾಗಿ ಕಿರುಚಿದ. ಹುಡುಗನ ನಟನೆ ಈಗ ಅದ್ಭುತವಾಗಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಮನೆದೇವರನ್ನು ನೆನೆದು, ಹೇಗಾದರೂ ನಾವು ಗೆಲ್ಲಲೇಬೇಕು ಎಂಬ ಭಕ್ತಿಯನ್ನೆಲ್ಲ ಹಿಮ್ಮಡಿಗೆ ತಂದುಕೊಂಡು ಮೂರನೆಯದನ್ನು ಕೊಟ್ಟಳು.

ಲಟಕ್!

ಈ ಸಲ ಮಂಜ ಕಿರುಚಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ.

"ನೋಡಿ, ಉಳುಕು ಬಿಡ್ತು. ಹೆಂಗ್ ಸುಮ್ನಾದ!" ಎಂದಳು ಸುಜಾತ ಬೆವರು ಒರೆಸಿಕೊಳ್ಳುತ್ತ.

ತುರುವೇಕೆರೆಯ ಡಾಕ್ಟರು ಭುಜ ಮುಟ್ಟಿ ನೋಡಿ, ಹದಿನೈದು ದಿನ ಈ ಕೈ ಎತ್ತಕೂಡದು ಎಂದು ಹೇಳಿ, ನನ್ನ ಟವೆಲ್ಲು ಬಿಚ್ಚಿ ಬಿಗಿಯಾದ ಪಟ್ಟಿ ಕಟ್ಟಿದರು. ಹೊರಗೆ ಬಂದ ಮೇಲೆ ಮಂಜ ಒಂದೇ ಮಾತು ಕೇಳಿದ. "ಈಗ ತಂತ್ರ ಸರಿಯಾಯ್ತಾ ಅಣ್ಣ?" ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಭಾನುವಾರ ಮೈದಾನದಲ್ಲಿ ನಮ್ಮ ಕಡೆ ಹತ್ತೇ ಜನರಿದ್ದರು. ಹನ್ನೊಂದನೆಯವನಾಗಿ ಮ್ಯಾನೇಜರನ್ನೇ ಇಳಿಸಿದರು. ಮ್ಯಾಚು ಹೇಗೋ ಕೊನೆಯ ಓವರಿನವರೆಗೆ ಎಳೆಯಿತು. ಮಾಯಸಂದ್ರಕ್ಕೆ ಹದಿನೆಂಟು ರನ್ನು ಬೇಕಿತ್ತು. ನಮ್ಮ ಬೌಲರುಗಳ ಓವರುಗಳೆಲ್ಲ ಮುಗಿದಿದ್ದವು. ಎಲ್ಲರೂ ನನ್ನನ್ನೇ ನೋಡಿದರು. ನಾನು ಪ್ಯಾಂಟು ಏರಿಸಿಕೊಂಡು, ಕೆರೆ ಏರಿಯ ತನಕ ಹಿಂದೆ ಹೋಗಿ ಓಡಿ ಬಂದೆ. ಬಾಲು ಕೈಯಿಂದ ಬಿಡುವ ಹೊತ್ತಿಗೆ ಉಸಿರು ನನ್ನನ್ನು ಬಿಟ್ಟಿತ್ತು. ವೈಡು. ಮತ್ತೆ ವೈಡು. ಅಂಪೈರು ಚಾಚಿದ ಕೈಯನ್ನು ಇಳಿಸುವುದೇ ದಂಡವೆಂದು ಹಾಗೇ ನಿಂತುಕೊಂಡ. ಅಪರೂಪಕ್ಕೆ ನೆಟ್ಟಗೆ ಹೋದ ಮೂರು ಬಾಲುಗಳು ಪಕ್ಕದ ತೆಂಗಿನ ತೋಟಕ್ಕೆ ಬಿದ್ದವು. ಓವರು ಮುಗಿಯುವ ಮೊದಲೇ ಪಂದ್ಯ ಮುಗಿಯಿತು.

ಹುಣಸೆ ಮರದ ಕೆಳಗೆ ಮಂಜ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಸುಜಾತ ಕಣ್ಣೊರೆಸಿಕೊಳ್ಳುತ್ತಿದ್ದಳು. ಲೋಕೇಶ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರಾಗ್ಬೇಡಿ ಭಾವ. ನಿಜ ಹೇಳ್ಬೇಕು ಅಂದ್ರೆ ನಾವು ಇವತ್ತು ಬರೋದೇ ಇಲ್ಲ ಅಂತಿದ್ವಿ. ಅಟ್ಟದಿಂದ ಕಾಯಿ ಇಳಿಸೋ ಕೆಲ್ಸ ಇತ್ತು. ಮಂಜನ ಮುಂದೆ ಹೆಂಗೂ ಸೋಲೋದೇ, ಸುಮ್ನೆ ಬಿಟ್ಕೊಟ್ಬಿಡಾಣ ಅಂತ ಹುಡುಗ್ರೆಲ್ಲ ತೀರ್ಮಾನ ಮಾಡಿದ್ರು. ಅಷ್ಟರಲ್ಲಿ ಟೆಂಪೋದೋನು ಬಂದು ಅವನ ಭುಜ ಹೋಗೈತೆ ಅಂದ. ಯಾರಿಗೂ ಹೇಳ್ಬೇಡಿ ಅಂದಿದ್ರಂತೆ ಯಾರೋ. ಹಂಗಾದ್ರೆ ನಿಜಾನೇ ಇರ್ಬೇಕು ಅಂತ ಎಲ್ಲಾ ಎದ್ದು ಬಂದ್ವಿ!"

ಸುಜಾತ ದಡಕ್ಕನೆ ಎದ್ದಳು. "ನಾನು ಒಡಹುಟ್ಟಿದ ತಮ್ಮಂಗೇ ಹೇಳ್ಲಿಲ್ಲ! ಯಾವ ಮನೆಹಾಳನೋ ಅದು, ಟೆಂಪೋದೋನಿಗೆ ಹೇಳಿದ್ದು? ಅವನ ಬಾಯಿಗೆ ಮಣ್ಣು ಬೀಳಾ!"

ಮಂಜ ತಲೆಯೆತ್ತಿ ನನ್ನನ್ನು ನೋಡಿದ. ನಾನು ಹುಣಸೆ ಮರ ನೋಡಿದೆ.

"ಏನ್ರೀ, ಹಂಗೇ ನಿಂತಿದ್ದೀರಲ್ಲ! ನೀವೂ ಒಂದಿಷ್ಟು ಬೈರಿ ಅವನಿಗೆ!"

ಬೈದೆ. ಆ ಮನೆಹಾಳನನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ, ಬಹಳ ಚೆನ್ನಾಗಿಯೇ ಬೈದೆ.