ಮುಚ್ಚಬೇಕಾದ ಕಣ್ಣು

ಮಗುವಿನ ಕಣ್ಣು ತೋರಿಸಲು ಹೊರಟರೆ ಕಣ್ಣೊಂದನ್ನು ಬಿಟ್ಟು ಮತ್ತೆಲ್ಲದರ ಪರೀಕ್ಷೆ ಆಗುತ್ತದೆ, ಮುಖ್ಯವಾಗಿ ತಾಯಿಯ ತಾಳ್ಮೆಯದ್ದು. ನಮ್ಮ ಮನೆ ಡೊಂಬಿವಲಿಯಲ್ಲಿ, ನನ್ನ ಆಫೀಸು ಐರೋಳಿಯಲ್ಲಿ, ಕಣ್ಣಿನ ಡಾಕ್ಟರಮ್ಮ ಲೋಕಲ್ ರೈಲು ಹತ್ತಿ ಹೋಗಬೇಕಾದ ಠಾಣೆಯಲ್ಲಿ. ಮಗಳಿಗೆ ಎರಡೂವರೆ ವರ್ಷ. ಅವಳ ಎಡಗಣ್ಣು ಮೂಗಿನ ಕಡೆ ಜಾರುತ್ತದೆ. ಜಾರುತ್ತದೆ ಎಂದು ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನು. ಹಾಗಾಗಿ ತಪ್ಪೂ ನನ್ನದೇ.

ಅದೃಷ್ಟ

"ಮೆಳ್ಳೆಗಣ್ಣು ಅಂದರೆ ಅದೃಷ್ಟ ಮಾರಾಯ್ತಿ," ಅಂದರು ಅತ್ತೆ. "ಇವಳು ಹುಟ್ಟಿದ ಮೇಲೆ ಅಲ್ವಾ ನಮಗೆ ಕಾಮೋಠೆಯಲ್ಲಿ ಎರಡನೇ ಹೋಟೆಲ್ ಆದದ್ದು?"

ನಾನು ನಮ್ಮವರ ಮುಖ ನೋಡಿದೆ. ಉಡುಪಿಯಿಂದ ಬಂದು ಇಡ್ಲಿ-ವಡೆಯಲ್ಲೇ ಮೇಲೆ ಬಂದ ಮನುಷ್ಯ, ಒಂದು ಬುದ್ಧಿಯ ಮಾತಾದರೂ ಆಡಿಯಾರು ಎಂಬ ಆಸೆ. ಅವರು ತಲೆ ಕೆರೆದುಕೊಂಡು, "ಹೋಟೆಲ್ ಒಂದು ಸೆಟ್ ಆಗಲಿ, ಆಮೇಲೆ ತೋರಿಸುವ," ಅಂದರು.

ನಮ್ಮ ಹೋಟೆಲ್ ನಿಂತಿರುವುದು ಮಗುವಿನ ಕಣ್ಣಿನ ಮೇಲೆ ಎಂದು ನನಗೆ ಆವತ್ತೇ ಗೊತ್ತಾದದ್ದು! ಯಾರನ್ನೂ ಕೇಳದೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಹೋಗುವ ದಿನ ನೋಡಿದರೆ ಇಬ್ಬರೂ ನನಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ಲಿಫ್ಟಿನ ಹತ್ತಿರ ನಿಂತಿದ್ದರು.

ಕಾಡಿಗೆ

ಹೊರಡುವ ಮುಂಚೆ ಅತ್ತೆ ಮಗುವಿನ ಎರಡೂ ಕಣ್ಣಿಗೆ ದಪ್ಪಗೆ ಕಾಡಿಗೆ ಹಚ್ಚಿದ್ದರು. "ಬೇಡ ಅತ್ತೆ, ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು," ಅಂದೆ. "ಅದಕ್ಕೇ ಹಚ್ಚಿದ್ದು. ಅಷ್ಟು ಜನರ ಎದುರು ಕೂತುಕೊಳ್ಳಬೇಕಲ್ಲ, ದೃಷ್ಟಿ ಆಗುತ್ತದೆ."

ಠಾಣೆಯ ಕ್ಲಿನಿಕ್ಕಿನಲ್ಲಿ ನರ್ಸ್ ಕಣ್ಣಿಗೆ ಡ್ರಾಪ್ಸ್ ಬಿಟ್ಟಳು. ಮಗು ಹೋ ಎಂದು ಕಿರುಚಿ ಎರಡೂ ಕೈಯಲ್ಲಿ ಉಜ್ಜಿತು. ಮುಖ, ಫ್ರಾಕು, ನನ್ನ ದುಪಟ್ಟಾ, ಎಲ್ಲ ಮಸಿ. ಡಾಕ್ಟರಮ್ಮ ಟಾರ್ಚ್ ಎತ್ತಿದವರು ಹಾಗೇ ಇಳಿಸಿ, "ಇದೇನು ಬಾಣಲೆಯ ತಳ ತಂದಿದ್ದೀರಿ? ಮೊದಲು ತೊಳೆದು ತನ್ನಿ, ಆಮೇಲೆ ಕಣ್ಣು ಹುಡುಕೋಣ," ಎಂದು ಮರಾಠಿಯಲ್ಲಿ ಬೈದರು.

ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ನೋಡಿದೆಯಾ, ಡಾಕ್ಟರರದ್ದೇ ದೃಷ್ಟಿ ತಾಗಿತು," ಅಂದರು.

ಪಾಸು

ಮುಂದಿನ ಸಲ ಚಿತ್ರ ತೋರಿಸುವ ಪರೀಕ್ಷೆ. ಮಗು ಅಜ್ಜಿಯ ತೊಡೆಯ ಮೇಲೆ. ನರ್ಸ್ ಬಲಗಣ್ಣು ಮುಚ್ಚಿ ದೂರದಿಂದ ಬೆಕ್ಕಿನ ಚಿತ್ರ ತೋರಿಸಿದಳು. ಮಗು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ, "ಪುಚ್ಚೆ!" ಅಂದಿತು. ತುಳುವಿನಲ್ಲಿ ಬೆಕ್ಕು. ಆಮೇಲೆ ಮನೆ, ಮೀನು, ಹೂವು, ಎಲ್ಲ ಸರಿಯುತ್ತರ! ನರ್ಸ್ ಮರಾಠಿ ಹುಡುಗಿ, ಒಂದೊಂದಕ್ಕೂ ನನ್ನ ಕಡೆ ತಿರುಗಿ ಅರ್ಥ ಕೇಳಿ ಬರೆದುಕೊಂಡಳು.

"ಎಡಗಣ್ಣು ಚೆನ್ನಾಗಿಯೇ ಇದೆಯಲ್ಲ!" ಎಂದು ಡಾಕ್ಟರಮ್ಮನಿಗೆ ಆಶ್ಚರ್ಯ. ಅಷ್ಟರಲ್ಲಿ ಅತ್ತೆಯ ತುಟಿ ಮಗುವಿನ ಕಿವಿಗೆ ಅಂಟಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು.

"ಅದು ನಮ್ಮ ಅತ್ತೆಯ ಕಣ್ಣು ಡಾಕ್ಟರೇ," ಅಂದೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅತ್ತೆ ಮಗನಿಗೆ ಹೇಳಿದರು: "ಪಾಸಾದ ಮಗುವನ್ನು ಹೆತ್ತ ತಾಯಿಯೇ ಫೇಲ್ ಮಾಡಿಸಿದಳು."

ಪಟ್ಟಿ

ಡಾಕ್ಟರಮ್ಮ ಕನ್ನಡಕ ಕೊಟ್ಟರು. ಜೊತೆಗೆ ದಿನಾ ಕೆಲವು ಗಂಟೆ ಒಳ್ಳೆಯ ಬಲಗಣ್ಣಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು, ಆಗಲೇ ಸೋಮಾರಿ ಎಡಗಣ್ಣು ಕೆಲಸ ಕಲಿಯುವುದು, ಈಗ ಬಿಟ್ಟರೆ ಆ ನೋಟ ಮತ್ತೆ ಬರಲಿಕ್ಕಿಲ್ಲ ಎಂದು ಬಿಡಿಸಿ ಹೇಳಿದರು. ಭಾನುವಾರ ಪಟ್ಟಿಗೂ ರಜೆ. ಹಗಲು ನಾನು ಆಫೀಸಿನಲ್ಲಿ, ಪಟ್ಟಿಯ ಕೆಲಸ ಅತ್ತೆಯದ್ದು. ದಿನಾ ಮಧ್ಯಾಹ್ನ ಫೋನ್ ಮಾಡಿ "ಹಾಕಿದಿರಾ?" ಅಂತ ಕೇಳುತ್ತಿದ್ದೆ. "ಹಾಕದೆ ಮತ್ತೆ?" ಅನ್ನುತ್ತಿದ್ದರು. ನಾನು ಮನೆ ಮುಟ್ಟುವಾಗ ಪಟ್ಟಿ ಕಿತ್ತು ಆಗಿರುತ್ತಿತ್ತು.

ಕೆಲವು ತಿಂಗಳ ಮೇಲೆ ಮತ್ತೆ ತೋರಿಸಿದೆವು. ಡಾಕ್ಟರಮ್ಮನ ಮುಖ ಗಂಟಾಯಿತು. ಎಡಗಣ್ಣಿನ ನೋಟ ಮೊದಲಿಗಿಂತಲೂ ಮಂದವಾಗಿತ್ತು.

"ನೀವು ಪಟ್ಟಿ ಹಾಕುತ್ತಿಲ್ಲ."

"ದೇವರಾಣೆ, ಒಂದು ದಿನವೂ ತಪ್ಪಿಸಲಿಲ್ಲ," ಅಂದರು ಅತ್ತೆ.

"ಹಾಗಾದರೆ ಹಾಕಿ ತೋರಿಸಿ."

ಅತ್ತೆ ಮಗುವಿನ ಕೂದಲು ಹಿಂದೆ ಸರಿಸಿ, ಹಣೆಗೊಂದು ಮುತ್ತು ಕೊಟ್ಟು, ಪಟ್ಟಿಯನ್ನು ನೀಟಾಗಿ ಎಡಗಣ್ಣಿಗೆ ಅಂಟಿಸಿದರು.

ನಾನು ಅವರ ಕೈ ಹಿಡಿದೆ. "ಅತ್ತೆ, ಆ ಕಣ್ಣಿಗಾ?"

"ಮತ್ತೆ? ಒಳ್ಳೆಯ ಕಣ್ಣು ಮುಚ್ಚಿದರೆ ಪಾಪ, ಬಾಗಿಲಿಗೆ ಗುದ್ದಿಕೊಂಡು ಅಳುತ್ತದೆ. ಸೊಸೈಟಿಯ ಹೆಂಗಸರು ಬಂದರೆ ಆ ಮೆಳ್ಳೆ ಕಾಣಬಾರದು ಕೂಡ. ಮುಚ್ಚುವುದು ಅಂದರೆ ಹುಳುಕನ್ನಲ್ವಾ ಮುಚ್ಚುವುದು?"

ನಮ್ಮವರು ಫ್ಯಾನ್ ನೋಡುತ್ತಾ ಕೂತಿದ್ದರು. ಡಾಕ್ಟರಮ್ಮ ತಾವೇ ಪಟ್ಟಿ ಕಿತ್ತು, ಹೊಸದೊಂದನ್ನು ಬಲಗಣ್ಣಿಗೆ ಅಂಟಿಸಿದರು. ನನಗೆ, "ಮಾತಾಡಬೇಡಿ. ಆ ಬಾಗಿಲ ಹತ್ತಿರ ಹೋಗಿ ನಿಲ್ಲಿ," ಅಂದರು.

ಹೋಗಿ ನಿಂತೆ. ಇದ್ದಬದ್ದ ನಗುವನ್ನೆಲ್ಲ ಮುಖಕ್ಕೆ ತಂದುಕೊಂಡೆ. ಮಗಳು ಎಡಗಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಆಮೇಲೆ, ಮನೆಗೆ ಕೊರಿಯರ್‌ನವರು ಬಂದಾಗ ಹೇಳುವ ಹಾಗೆ, ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಹೇಳಿದಳು: "ಆಂಟಿ, ಅಮ್ಮಾ ಘರ್ ಮೇ ನಹೀ ಹೈ. ಆಫೀಸ್ ಗಯೀ."

ನರ್ಸ್ ಕಿಸಕ್ಕನೆ ನಕ್ಕಳು. ನಮ್ಮವರಿಗೂ ನಗು ತಡೆಯಲಾಗಲಿಲ್ಲ.

"ಅಯ್ಯೋ ಪುಟ್ಟಾ, ಅದು ನಿನ್ನ ಅಮ್ಮನೇ," ಅಂದರು ಅತ್ತೆ.

ಮಗಳು ಇನ್ನೊಮ್ಮೆ ನನ್ನ ಕಡೆ ನೋಡಿ, "ನಹೀ," ಅಂದಳು.