ಹನ್ನೆರಡು ಗ್ರಾಂ ಹೊಗೆಯಲ್ಲಿ ನನ್ನ ಪಾಲನ್ನು ಇಳಿಸಿಕೊಡುವ ಬಗ್ಗೆ

ಇಂದ,
ಅನ್ಸೆಲ್ಮೊ ಇಬಾರೊಲಾ,
ಕಂಬಿ ಕಟ್ಟುವ ಮೇಸ್ತ್ರಿ, ಶುಕ್ರವಾರಗಳಂದು ತಂಡಕ್ಕೆ ಮಾಂಸ ಸುಡುವವನು,
ಬಾರಾಂಕಾ ಅಣು ವಿದ್ಯುತ್ ಸ್ಥಾವರ, ಪರಾನಾ ನದಿ ದಂಡೆ, ಅರ್ಜೆಂಟೀನಾ.

ಗೆ,
ಅಧ್ಯಕ್ಷರು, ಸ್ಥಾವರದ ಆಜೀವ ಹೊಗೆ ಲೆಕ್ಕ ಸಮಿತಿ.

ವಿಷಯ: ಶುಕ್ರವಾರದ ಒಲೆಯ ಮೇಲಿನ ನಿಷೇಧ ತೆರವು ಕೋರಿ.
ಉಲ್ಲೇಖ: ತಮ್ಮ ನಿಷೇಧದ ಆದೇಶ, ಮತ್ತು ಅದಕ್ಕೆ ಕಾರಣವಾದ, ನಾನೇ ತುಂಬಿದ ನಮೂನೆ.

ಮಾನ್ಯರೇ,

೧. ನಮ್ಮ ಸ್ಥಾವರ ಹೊಗೆ ಉಗುಳುವುದಿಲ್ಲ. ಆದರೂ ಗಣಿ ಅಗೆದದ್ದು, ಸಿಮೆಂಟು ಸುಟ್ಟಿದ್ದು, ಇಂಧನ ತಯಾರಿಸಿದ್ದು, ಮುಂದೆ ಕಟ್ಟಡ ಕೆಡವುವುದು ಎಲ್ಲ ಸೇರಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಹನ್ನೆರಡು ಗ್ರಾಂ ಹೊಗೆ ಆಗುತ್ತದೆಂದು ತಾವು ಲೆಕ್ಕ ಹಾಕಿದ್ದೀರಿ. ಕಲ್ಲಿದ್ದಲಿನದು ಎಂಟುನೂರು ದಾಟುತ್ತದಂತೆ. ನನ್ನ ತಕರಾರಿಲ್ಲ.

೨. ಈ ಹನ್ನೆರಡನ್ನೂ ಇಳಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಗಣಿ ಪರದೇಶದ್ದು. ಸಿಮೆಂಟು ಎಂದೋ ಗಟ್ಟಿಯಾಗಿದೆ. ಕೆಡವುವುದು ನಲವತ್ತು ವರ್ಷ ಬಿಟ್ಟು. ಆದಕಾರಣ ತಮ್ಮ ಕೈಗೆ ಸಿಕ್ಕಿದ್ದು ನನ್ನ ಒಲೆ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

೩. ತಪ್ಪು ನನ್ನದೂ ಇದೆ. ತಮ್ಮ ಇಂಜಿನಿಯರ್ ಮರೀಸಾ ಮೇಡಂ ನಮೂನೆ ಕೊಟ್ಟು, "ಇಲ್ಲಿ ಏನೇನು ಉರಿಯುತ್ತೋ ಎಲ್ಲಾ ಬರೀರಿ, ಒಂದೂ ಬಿಡ್ಬೇಡಿ" ಎಂದರು. ಪೈಪು ತಂಡಕ್ಕೆ ಮಾಂಸ ಸುಡುವ ರುಫೀನೊ ನನ್ನ ಬೆನ್ನ ಹಿಂದೆಯೇ ನಿಂತಿದ್ದ. "ನಂದು ತಿಂಗಳಿಗೆ ಮೂವತ್ತು ಚೀಲ ಇದ್ದಿಲು. ನಿಂದೆಷ್ಟಯ್ಯಾ?" ಎಂದ. ಆದ್ದರಿಂದ ನಾನು ನಲವತ್ತು ಎಂದು ಬರೆದೆ. ನಿಜದಲ್ಲಿ ನಾಲ್ಕು. ಆ ಕಳ್ಳ ತನ್ನ ನಮೂನೆಯಲ್ಲಿ ಮೂರು ಎಂದು ಬರೆದಿದ್ದನೆಂದು ಆಮೇಲೆ ತಿಳಿಯಿತು. ಅವನ ಒಲೆ ಈಗಲೂ ಉರಿಯುತ್ತಿದೆ.

೪. ಬರುವ ಶುಕ್ರವಾರ ನಮ್ಮ ಬೆಸುಗೆಗಾರ ಎವಾರಿಸ್ಟೊ ನಿವೃತ್ತನಾಗುತ್ತಾನೆ. ನಿನ್ನೆ ನನ್ನ ಹತ್ತಿರ ಬಂದು, "ಇಪ್ಪತ್ತಾರು ವರ್ಷ ನೀನು ಸುಟ್ಟಿದ್ದೇ ತಿಂದೆ ಅನ್ಸೆಲ್ಮೋ. ನಮ್ಕಡೆ ಬಾ ಅಂತ ರುಫೀನೊ ಕರೀತಿದಾನೆ. ಕೊನೇ ದಿನ ಅವನು ಸುಟ್ಟಿದ್ದು ತಿಂದು ಮನೆಗೆ ಹೋಗ್ಲಾ?" ಎಂದು ಕೇಳಿದ. ಕಂಬಿ ರಾಶಿಯ ಹಿಂದೆ ಹೋಗಿ ಅತ್ತೆ.

ಆದ್ದರಿಂದ ನಲವತ್ತನ್ನು ನಾಲ್ಕೆಂದು ತಿದ್ದಿ, ಆ ಒಂದು ಶುಕ್ರವಾರಕ್ಕಾದರೂ ಬೆಂಕಿ ಹಚ್ಚಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಬಡಾಯಿ ಬಿಟ್ಟಿರುವ,
ಅನ್ಸೆಲ್ಮೊ ಇಬಾರೊಲಾ

ಅಡಕ: ಕಳೆದ ತಿಂಗಳ ಖಾಲಿ ಇದ್ದಿಲು ಚೀಲ, ನಾಲ್ಕು.

ವಿ.ಸೂ.: ತಿದ್ದುಪಡಿಯನ್ನು ಸೂಚನಾ ಫಲಕಕ್ಕೆ ಹಚ್ಚಲೇಬೇಕೆಂಬ ನಿಯಮ ನನಗೆ ಗೊತ್ತು. ಊಟವಾದ ಮೇಲೆ ಮಾಂಸ ಸುಟ್ಟವನಿಗೆ ಎಲ್ಲರೂ ಚಪ್ಪಾಳೆ ತಟ್ಟುವುದು ನಮ್ಮಲ್ಲಿ ಪದ್ಧತಿ. ದಯವಿಟ್ಟು ಚಪ್ಪಾಳೆ ಪೂರ್ತಿ ನಿಂತ ನಂತರವೇ ಹಚ್ಚುವುದು.